ಜುಲ್ಮಿರಾಳ ಕರಿ ಕಾಲುಚೀಲ

ಸಂಜೆ ಕಾರ್ಖಾನೆಯ ಸೈರನ್ ಕೂಗಿದರೆ ಸಾಕು, ಮೀನು ಡಬ್ಬಿಗೆ ತುಂಬುವ ಹೆಂಗಸರೆಲ್ಲ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕೂತು ಬೂಟು ಕಳಚುತ್ತಿದ್ದರು. ಪೋರ್ಚುಗಲ್ಲಿನ ಆ ಕಡಲೂರಿನಲ್ಲಿ ಇದು ದಿನನಿತ್ಯದ ನೋಟ. ಬೆಳಿಗ್ಗೆ ಸಲೀಸಾಗಿ ರಬ್ಬರ್ ಬೂಟಿನೊಳಗೆ ಹೋದ ಕಾಲು ಸಂಜೆ ಹೊರಗೆ ಬರಲು ಒಲ್ಲೆ ಎನ್ನುತ್ತಿತ್ತು. ಒಬ್ಬಳು ಕಟ್ಟೆ ಹಿಡಿದು ಕೂತರೆ ಇನ್ನೊಬ್ಬಳು ಎದುರು ನಿಂತು ಎಳೆಯಬೇಕು.

"ಎಳಿಯೇ ಗ್ರಾಸಿಂದಾ, ಬಲೆ ಎಳೆದ ಹಾಗೆ ಎಳಿ!"

"ಎಳೀತಾನೇ ಇದೀನಲ್ಲಕ್ಕ. ಇದೇನು ಕಾಲೋ, ಕಂಬಾನೋ?"

"ಕಂಬಾನೇ ಕಣೇ. ನಲವತ್ತೇಳು ವರ್ಷದಿಂದ ನೆಟ್ಟಿರೋ ಕಂಬ."

ಕೂತವಳು ಜುಲ್ಮಿರಾ, ಅರವತ್ತೊಂದು ವರ್ಷದ ಅಕ್ಕ. ಎಳೆಯುವವಳು ಗ್ರಾಸಿಂದಾ, ಅವಳಿಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಇಬ್ಬರೂ ಹದಿನಾಲ್ಕು ತುಂಬಿದ ಕೂಡಲೇ ಆ ಕಾರ್ಖಾನೆ ಸೇರಿದವರು. ಒಂದೇ ಮೇಜಿಗೆ ಅಕ್ಕಪಕ್ಕ ನಿಂತು ಬೂತಾಯಿ ಮೀನಿನ ತಲೆ ಚಿವುಟಿ ಕರುಳು ತೆಗೆಯುತ್ತಾ ಮುದುಕಿಯರಾದವರು. ಇಬ್ಬರೂ ಗಂಡನನ್ನು ಕಳೆದುಕೊಂಡಿದ್ದರು. ಆ ಊರಿನಲ್ಲಿ ಗಂಡ ಸತ್ತವಳು ತಾನು ಮಣ್ಣಿಗೆ ಹೋಗುವ ತನಕ ಕಪ್ಪೇ ಉಡಬೇಕು. ಕರಿ ಲಂಗ, ಕರಿ ಶಾಲು, ಕರಿ ಕಾಲುಚೀಲ. ಹೀಗೇ ಇರು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರೂ ನೋಡುತ್ತಿರುತ್ತಾರೆ.

ಕಾಲುಚೀಲ ಜಾರದಂತೆ ಮೊಣಕಾಲಿನ ಕೆಳಗೆ ಒಂದು ಎಲಾಸ್ಟಿಕ್ ಪಟ್ಟಿ. ಅದನ್ನು ಹೊಲಿಯುವುದರಲ್ಲಿ ಜುಲ್ಮಿರಾಳನ್ನು ಮೀರಿಸುವವರಿರಲಿಲ್ಲ. ಎರಡು ಬೆರಳಗಲ, ಒಳಗೆ ದಪ್ಪ ಎಲಾಸ್ಟಿಕ್, ಮೇಲೆ ಕರಿ ಬಟ್ಟೆ, ಅಂಚಿಗೆ ಸಣ್ಣ ಹೊಲಿಗೆ. ಮೇಜಿನ ವಿಧವೆಯರಿಗೆಲ್ಲ ಅವಳೇ ಹೊಲಿದು ಕೊಟ್ಟಿದ್ದಳು. "ಬಿಗಿಯಾಗಿ ಕಟ್ಟಿದ್ರೇನೇ ಕಾಲು ನಿಲ್ಲೋದು," ಎಂಬುದು ಅವಳ ಮಾತು. ಮನೆಗೆ ಹೋಗಿ ಪಟ್ಟಿ ಬಿಚ್ಚಿದರೆ ಆ ಜಾಗದಲ್ಲಿ ಬೆರಳು ಹುದುಗುವಷ್ಟು ಆಳದ ಗೆರೆ ಬಿದ್ದಿರುತ್ತಿತ್ತು.

ಆ ಕರಿ ಕಾಲುಚೀಲದ ಒಳಗೆ ಏನಿದೆ ಎಂದು ಗ್ರಾಸಿಂದಾ ಒಬ್ಬಳಿಗೇ ಗೊತ್ತು. ತೊಡೆಯಿಂದ ಪಾದದ ತನಕ ಹೆಬ್ಬೆರಳು ಗಾತ್ರದ ನೀಲಿ ನರಗಳು ಗಂಟು ಗಂಟಾಗಿ ಸುತ್ತಿಕೊಂಡಿದ್ದವು. ಪಾದದ ಗಂಟಿನ ಮೇಲಿನ ಚರ್ಮ ಸುಟ್ಟ ಹಾಗೆ ಕಪ್ಪಾಗಿ ಗಟ್ಟಿಯಾಗಿತ್ತು. ಅಲ್ಲೊಂದು ಕಡೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಕೆಳಗಿನ ನರ ಕಡುನೀಲಿ ಗುಳ್ಳೆಯಂತೆ ಎದ್ದು ಕಾಣುತ್ತಿತ್ತು. ಜುಲ್ಮಿರಾ ಅದನ್ನು ಸದಾ ಕೆರೆದುಕೊಳ್ಳುತ್ತಿದ್ದಳು. ಗ್ರಾಸಿಂದಾಳ ಕಾಲೂ ಅದೇ ದಾರಿ ಹಿಡಿದಿತ್ತು, ಸ್ವಲ್ಪ ಹಿಂದೆ ಇತ್ತು ಅಷ್ಟೆ.

ಆ ವರ್ಷ ಮೇ ತಿಂಗಳಲ್ಲಿ ಆರೋಗ್ಯ ಕೇಂದ್ರದ ನರ್ಸ್ ದೊರೊತೇಯಾ ಕಾರ್ಖಾನೆಗೆ ಬಂದಳು. ಊಟದ ಕೋಣೆಯಲ್ಲಿ ಒಂದು ಪರದೆ ಕಟ್ಟಿ ಒಬ್ಬೊಬ್ಬರನ್ನೇ ಒಳಗೆ ಕರೆದಳು. ಅಕ್ಕತಂಗಿಯರು ಜೊತೆಯಲ್ಲೇ ಹೋದರು. ಜುಲ್ಮಿರಾಳ ಮಗಳು ನತೆರ್ಸಿಯಾ ಕೂಡ ಹಿಂದೆಯೇ ಬಂದಳು. ಮೂವತ್ತನಾಲ್ಕು ವರ್ಷ, ಮೂರು ಮಕ್ಕಳ ತಾಯಿ, ಅದೇ ಕಾರ್ಖಾನೆಯಲ್ಲಿ ಡಬ್ಬಿ ತುಂಬುವವಳು.

"ಕಾಲುಚೀಲ ಇಳಿಸಿ, ಜುಲ್ಮಿರಮ್ಮ."

"ನನ್ ಗಂಡನೇ ಈ ಕಾಲನ್ನ ಬೆಳಕಲ್ಲಿ ನೋಡಿಲ್ಲ. ನಿಮಗೆ ತೋರಿಸ್ಬೇಕಾ?"

"ಅವರಿಗೆ ತೋರಿಸಿದ್ರೆ ಏನು ಮಾಡ್ತಿದ್ರು? ಮೀನು ಹಿಡಿಯೋರು ಅವರು. ನನಗೆ ತೋರಿಸಿ."

ಹೆಂಗಸರು ಪರದೆಯ ಆಚೆ ಕಿಸಕ್ಕನೆ ನಕ್ಕರು. ಜುಲ್ಮಿರಾ ಗೊಣಗುತ್ತ ಇಳಿಸಿದಳು. ದೊರೊತೇಯಾ ನಗಲಿಲ್ಲ. ಕಪ್ಪು ಚರ್ಮದ ಮೇಲೆ, ಆ ನೀಲಿ ಗುಳ್ಳೆಯ ಸುತ್ತ ಮೆಲ್ಲಗೆ ಬೆರಳಾಡಿಸಿದಳು. ಎಲಾಸ್ಟಿಕ್ ಪಟ್ಟಿಯನ್ನು ಎತ್ತಿ ಹಿಡಿದಳು.

"ಇದನ್ನ ಯಾರು ಕಟ್ಟಿದ್ದು?"

"ನಾನೇ ಹೊಲಿದಿದ್ದು. ನಿಮಗೂ ಒಂದು ಜೊತೆ ಬೇಕಾ?"

"ಬೇಡಮ್ಮ. ನೋಡಿ, ಮೋರಿಗೆ ಅಡ್ಡ ಕಲ್ಲಿಟ್ಟರೆ ನೀರು ಎಲ್ಲಿ ನಿಲ್ಲುತ್ತೆ? ಕಲ್ಲಿನ ಈಚೆ ನಿಲ್ಲುತ್ತೆ. ಈ ಪಟ್ಟಿ ಮಾಡ್ತಿರೋದೂ ಅದೇ. ಹೃದಯ ರಕ್ತಾನ ಕಾಲಿಗೆ ಕಳಿಸುತ್ತೆ, ಅದು ವಾಪಸ್ ಮೇಲೆ ಹತ್ತಬೇಕಲ್ವಾ? ನರದೊಳಗೆ ಪುಟ್ಟ ಪುಟ್ಟ ಬಾಗಿಲಿರ್ತವೆ. ರಕ್ತ ಮೇಲೆ ಹೋದ ಕೂಡ್ಲೇ ಮುಚ್ಕೋತವೆ, ಕೆಳಗೆ ಬೀಳದೇ ಇರೋ ಹಾಗೆ. ನಿಂತೂ ನಿಂತೂ, ಹೆತ್ತೂ ಹೆತ್ತೂ, ವಯಸ್ಸಾಗ್ತಾ ಆ ಬಾಗಿಲು ಸಡಿಲ ಆಗ್ತವೆ. ಕೆಲವರ ಮನೆತನದಲ್ಲೇ ಅವು ಸಡಿಲ. ಮೇಲೆ ಹೋದ ರಕ್ತ ಮತ್ತೆ ಇಳಿದು ಕಾಲಲ್ಲೇ ನಿಲ್ಲುತ್ತೆ, ನರ ಉಬ್ಬುತ್ತೆ, ಚರ್ಮ ಕಪ್ಪಾಗುತ್ತೆ, ಆಮೇಲೆ ಹುಣ್ಣು."

"ನಮ್ಮಮ್ಮನಿಗೂ ಹೀಗೇ ಇತ್ತು," ಎಂದಳು ಗ್ರಾಸಿಂದಾ. "ಸಮುದ್ರದಲ್ಲಿ ಮೊಣಕಾಲುದ್ದ ನಿಂತು ಬರ್ತಿದ್ಲು. ಬ್ರಾಂದಿ ಹಚ್ಕೋತಿದ್ಲು. ಏನೂ ಆಗ್ಲಿಲ್ಲ ಅವಳಿಗೆ."

"ತಣ್ಣೀರು ಒಂದು ಗಳಿಗೆ ಹಾಯ್ ಅನ್ಸುತ್ತೆ. ಬಾಗಿಲು ರಿಪೇರಿ ಮಾಡಲ್ಲ."

ನತೆರ್ಸಿಯಾ ತನ್ನ ಲಂಗ ಎತ್ತಿ ಮೊಣಕಾಲಿನ ಹಿಂದೆ ತೋರಿಸಿದಳು. ಅಲ್ಲಿ ಕೆಂಪು, ನೇರಳೆ ಎಳೆಗಳು ಜೇಡ ಬಲೆ ನೇಯ್ದ ಹಾಗೆ ಹರಡಿದ್ದವು. ಆ ಊರಿನವರು ಅದನ್ನು 'ಚೆಲ್ಲಿದ್ದು' ಎನ್ನುತ್ತಾರೆ. "ನನ್ನದು ಬರೀ ಚೆಲ್ಲಿದ್ದು, ನರ್ಸಮ್ಮ. ನೋಡೋಕೆ ಅಸಹ್ಯ ಅಷ್ಟೆ, ಅಲ್ವಾ?"

"ಜೇಡರ ಬಲೆಯಿಂದ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಬೇಡ ಅನ್ಸಿದ್ರೆ ಸಣ್ಣ ಸೂಜಿ ಮದ್ದು ಇದೆ. ಆದ್ರೆ ನಿಂಗೆ ಸಂಜೆ ಪಾದ ಊದ್ಕೊಳ್ಳುತ್ತಾ? ಮೀನಖಂಡ ಹಿಡ್ಕೊಳ್ಳುತ್ತಾ?"

"ಯಾರಿಗೆ ಇಲ್ಲ ಅದು, ಈ ಕಾರ್ಖಾನೇಲಿ?"

"ಹಾಗಾದ್ರೆ ಒಳಗಿನ ದೊಡ್ಡ ನರಾನೂ ನೋಡ್ಬೇಕು. ಸ್ಕ್ಯಾನ್ ಮಾಡಿದ್ರೆ ರಕ್ತ ಯಾವ ಕಡೆ ಹರೀತಿದೆ ಅಂತ ಕಾಣುತ್ತೆ. ನೋವೇನೂ ಇಲ್ಲ." ದೊರೊತೇಯಾ ಜುಲ್ಮಿರಾಳ ಕಡೆ ತಿರುಗಿದಳು. "ನಿಮಗೆ ಮಾತ್ರ ತಡ ಮಾಡೋ ಹಾಗಿಲ್ಲ. ಹೃದಯಕ್ಕೆ ಅಂತ ರಕ್ತ ತೆಳುವಾಗೋ ಮಾತ್ರೆ ಬೇರೆ ತಗೋತಿದೀರಿ. ನಾಳೆ ಡಾಕ್ಟರ್ ಕಾಲು ಪರೀಕ್ಷೆ ಮಾಡಿ, ಅಳತೆ ತಗೊಂಡು, ಒತ್ತುಕಾಲುಚೀಲಕ್ಕೆ ಚೀಟಿ ಬರೀತಾರೆ. ಅದು ಪಾದದ ಹತ್ತಿರ ಬಿಗಿ, ಮೇಲೆ ಹೋಗ್ತಾ ಸಡಿಲ. ರಕ್ತಾನ ಮೇಲಕ್ಕೆ ಹಿಂಡುತ್ತೆ. ಇನ್ನೊಂದು ಮುಖ್ಯವಾದ ಮಾತಿದೆ, ಕೇಳಿ. ಈ ಗುಳ್ಳೆ ಏನಾದ್ರೂ ಒಡೆದ್ರೆ—"

ಅಷ್ಟರಲ್ಲಿ ಸೈರನ್ ಕೂಗಿತು. ದೋಣಿ ಬಂದಿತ್ತು. ಬೂತಾಯಿ ಯಾರನ್ನೂ ಕಾಯುವುದಿಲ್ಲ. ಮೂವರೂ ಲಂಗ ಸರಿಪಡಿಸಿಕೊಂಡು ಓಡಿದರು.

"ಒಡೆಯೋದೇನೂ ಇಲ್ಲ ಬಿಡಿ, ನರ್ಸಮ್ಮ!" ಎಂದು ಜುಲ್ಮಿರಾ ಹೋಗುತ್ತಾ ಕೂಗಿದಳು. "ನಲವತ್ತು ವರ್ಷದಿಂದ ಒಡೆದಿಲ್ಲ!"

ಆದರೂ ಮಾರನೆಯ ದಿನ ಅವಳು ಆರೋಗ್ಯ ಕೇಂದ್ರಕ್ಕೆ ಹೋದಳು. ಗ್ರಾಸಿಂದಾಳೇ ಎಳೆದುಕೊಂಡು ಹೋದಳು, ಅಷ್ಟು ಮಟ್ಟಿಗೆ ತಂಗಿಯ ತಪ್ಪಿಲ್ಲ. ಡಾಕ್ಟರು ಕಾಲು ಪರೀಕ್ಷಿಸಿ, ಅಳತೆ ತೆಗೆದು ಚೀಟಿ ಬರೆದುಕೊಟ್ಟರು. ಸ್ಕ್ಯಾನಿಗೆ ಸೆಪ್ಟೆಂಬರಿನಲ್ಲಿ ಬನ್ನಿ ಎಂದರು. ಅಕ್ಕತಂಗಿಯರು ಔಷಧಿ ಅಂಗಡಿಯಿಂದ ಪೆಟ್ಟಿಗೆ ತಂದು ಜುಲ್ಮಿರಾಳ ಅಡಿಗೆಮನೆಯ ಮೇಜಿನ ಮೇಲೆ ಇಟ್ಟರು. ಪೆಟ್ಟಿಗೆಯ ಮೇಲೆ ಹೊಂಬಣ್ಣದ ಕೂದಲಿನ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ನಗುತ್ತಿದ್ದಳು.

"ಇವಳಿಗೆಲ್ಲಿಂದ ಬರ್ಬೇಕೇ ನರ?" ಎಂದಳು ಜುಲ್ಮಿರಾ. "ಒಂದು ದಿನಾನಾದ್ರೂ ಮೀನಿನ ತಲೆ ಚಿವುಟಿದ್ದಾಳಾ ಈ ಮೂಳಿ?"

ಪೆಟ್ಟಿಗೆ ತೆರೆದಳು. ಒಳಗಿನ ಕಾಲುಚೀಲ ಮೈಬಣ್ಣದ್ದು. ಜುಲ್ಮಿರಾ ಅದರೊಳಗೆ ಕೈ ಹಾಕಿ ಬೆಳಕಿಗೆ ಹಿಡಿದಳು. ಅವಳ ಮುಖ ಸಣ್ಣದಾಯಿತು.

"ಇದನ್ನ ಹಾಕ್ಕೊಂಡ್ರೆ ಬರಿಗಾಲಲ್ಲಿ ಹೋದ ಹಾಗೆ ಕಾಣುತ್ತಲ್ಲೇ."

"ಹೂಂ, ಕಾಣುತ್ತೆ."

"ನಮ್ಮ ಅರ್ಮಿಂದೊ ಹೋಗಿ ಒಂಬತ್ತು ವರ್ಷ. ಒಂದು ದಿನ ಕಪ್ಪು ಬಿಟ್ಟಿಲ್ಲ ನಾನು. ಏನೇ ಮಾಡ್ಲಿ? ನೀನೇ ಹೇಳು."

ಜುಲ್ಮಿರಾಳಿಗೆ ಓದು ಬಾರದು. ಮನೆಯ ಕಾಗದ ಪತ್ರ, ಮಾತ್ರೆಯ ಚೀಟಿ ಎಲ್ಲಕ್ಕೂ ಗ್ರಾಸಿಂದಾಳೇ ಕಣ್ಣು. ಅವಳು ಪೆಟ್ಟಿಗೆ ಎತ್ತಿಕೊಂಡಳು. ಮುಂಭಾಗದಲ್ಲಿದ್ದುದನ್ನು ಗಟ್ಟಿಯಾಗಿ ಓದಿದಳು. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಕೈಯಲ್ಲಿ ಒಗೆಯಬೇಕು. ಅಷ್ಟು ಓದಿ, ಆ ನಗುವ ಹುಡುಗಿಯ ಮೇಲೆ ಅವಳಿಗೆ ಯಾಕೋ ಸಿಟ್ಟು ಬಂದು, ಪೆಟ್ಟಿಗೆಯನ್ನು ಕೆಳಗೆ ಇಟ್ಟಳು.

"ಬೇಡ ಬಿಡಕ್ಕ," ಎಂದಳು. "ನಾಲ್ಕು ಜನ ಏನಂತಾರೆ? ಗಂಡನ್ನ ಮರೆತ್ಲು ಅಂತಾರೆ. ಸ್ಕ್ಯಾನ್ ಆಗ್ಲಿ, ಆಮೇಲೆ ನೋಡೋಣ."

ಜುಲ್ಮಿರಾ ಕಾಲುಚೀಲವನ್ನು ಮಡಚಿ ಪೆಟ್ಟಿಗೆಗೆ ಹಾಕಿ ಡ್ರಾಯರಿನಲ್ಲಿ ಇಟ್ಟಳು. ಆಮೇಲೆ ಇಬ್ಬರೂ ಜೋಳದ ರೊಟ್ಟಿ, ಸೊಪ್ಪಿನ ಸಾರು ಉಂಡು ಬೇರೆ ಮಾತಿಗೆ ಹೋದರು.

ಜೂನ್ ಕೊನೆಯ ಒಂದು ಶುಕ್ರವಾರ ಎಂದೂ ಇಲ್ಲದಷ್ಟು ಬೂತಾಯಿ ಬಂತು. ಆ ಮೇಜುಗಳ ಕೆಳಗೆ ದಿನವಿಡೀ ನೀರು ಹರಿಯುತ್ತದೆ. ಮೀನಿನ ರಕ್ತ ಸೇರಿ ಅದು ಬೆಳಗಿನಿಂದ ಸಂಜೆಯ ತನಕ ಕೆಂಪಗೇ ಇರುತ್ತದೆ. ಕೆಂಪು ನೀರನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಜುಲ್ಮಿರಾ ಹೇಳಿದಳು: "ಇವತ್ತು ಯಾಕೋ ಕಾಲಲ್ಲಿ ನೋವೇ ಇಲ್ಲ ಕಣೇ. ಬೆಚ್ಚಗೆ ಹಿತವಾಗಿದೆ."

"ಪುಣ್ಯವಂತೆ," ಎಂದಳು ಗ್ರಾಸಿಂದಾ, ಕೈ ನಿಲ್ಲಿಸದೆ.

ಸ್ವಲ್ಪ ಹೊತ್ತಿಗೆ ಜುಲ್ಮಿರಾಳ ಚಾಕು ಕೈಜಾರಿ ನೀರಿಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಮೇಜಿನ ಅಂಚು ಹಿಡಿದು ನಿಂತಳು. ತುಟಿ ಬಿಳಿಚಿತ್ತು.

"ತಲೆ ಸುತ್ತುತ್ತೆ ಕಣೇ."

ಹೆಂಗಸರು ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅವಳನ್ನು ಕೂರಿಸಿದರು. ತಲೆ ಸುತ್ತಿದರೆ ಸಕ್ಕರೆ ನೀರು, ಅದು ಆ ಊರಿನ ಮೊದಲ ಮದ್ದು. ಯಾರೋ ಲೋಟ ತಂದರು. "ಬೆಳಿಗ್ಗೆ ಏನೂ ತಿಂದಿಲ್ಲ ಅನ್ಸುತ್ತೆ," ಎಂದರು ಒಬ್ಬರು. "ಸೆಖೆ," ಎಂದರು ಇನ್ನೊಬ್ಬರು. ನತೆರ್ಸಿಯಾ ಆಚೆ ಕೋಣೆಯಿಂದ ಓಡಿಬಂದು ತಾಯಿಯ ತಲೆಯನ್ನು ಎದೆಗೆ ಒರಗಿಸಿಕೊಂಡಳು. ಕಾಲು ಕೆಳಗೆ ಇಳಿಬಿಟ್ಟೇ ಇತ್ತು. ಕರಿ ಕಾಲುಚೀಲದ ಮೇಲೆ ಏನೂ ಕಾಣುತ್ತಿರಲಿಲ್ಲ. ಒದ್ದೆಯಾಗಿತ್ತು, ಆದರೆ ಅಲ್ಲಿ ಯಾರ ಕಾಲು ಒದ್ದೆ ಇರಲಿಲ್ಲ?

"ಬೂಟು ತೆಗೀತೀನಿ ಅಕ್ಕ, ಸ್ವಲ್ಪ ಗಾಳಿಯಾಡ್ಲಿ," ಎಂದು ಗ್ರಾಸಿಂದಾ ಮೊಣಕಾಲೂರಿ ಕೂತಳು. ದಿನಾ ಸಂಜೆ ಎಳೆದಂತೆ ಎರಡೂ ಕೈಯಲ್ಲಿ ಹಿಡಿದಳು. ಆದರೆ ಆವತ್ತು ಎಳೆಯಬೇಕಾಗಲೇ ಇಲ್ಲ. ಬೂಟು ತಾನಾಗಿ ಜಾರಿ ಕೈಗೆ ಬಂತು. ಭಾರವಾಗಿತ್ತು. ವಾಲಿಸಿದಾಗ ಒಳಗಿನಿಂದ ರಕ್ತ ಸುರಿಯಿತು.

"ಅಯ್ಯೋ ದೇವಮಾತೆ!"

ಗ್ರಾಸಿಂದಾ ಕಾಲುಚೀಲ ಇಳಿಸಿ ನೋಡಿದರೆ ಪಾದದ ಗಂಟಿನ ಮೇಲಿನ ಆ ನೀಲಿ ಗುಳ್ಳೆ ಒಡೆದಿತ್ತು. ಅವಳು ತನ್ನ ತಲೆವಸ್ತ್ರ ಬಿಚ್ಚಿ ಅಕ್ಕನ ಮೊಣಕಾಲಿನ ಮೇಲೆ ಬಿಗಿದು ಕಟ್ಟಿದಳು. ರಕ್ತ ನಿಲ್ಲಲಿಲ್ಲ. ಇನ್ನೂ ಬಿಗಿದಳು. ಆ ಸೂಜಿಮೊನೆಯಷ್ಟು ತೂತಿನಿಂದ ರಕ್ತ ಚಿಮ್ಮುತ್ತಲೇ ಇತ್ತು. "ಮಲಗ್ಬೇಡಕ್ಕ, ಕಣ್ಮುಚ್ಬೇಡ, ನೆಟ್ಟಗೆ ಕೂತ್ಕೋ," ಎಂದು ಅವಳೂ ನತೆರ್ಸಿಯಾಳೂ ಸೇರಿ ಜುಲ್ಮಿರಾಳನ್ನು ನೆಟ್ಟಗೆ ಕೂರಿಸಿ ಹಿಡಿದುಕೊಂಡರು. ಆಂಬುಲೆನ್ಸ್ ಬರಲು ಅರ್ಧ ಗಂಟೆ ಹಿಡಿಯಿತು. ಜುಲ್ಮಿರಾ ಆಸ್ಪತ್ರೆ ಮುಟ್ಟಲಿಲ್ಲ.

ಅವಳಿಗೆ ಶವಪೆಟ್ಟಿಗೆಯಲ್ಲೂ ಕರಿ ಕಾಲುಚೀಲವನ್ನೇ ಹಾಕಿದರು.

ಹೂಳಿದ ಮರುದಿನ ಗ್ರಾಸಿಂದಾ ಆರೋಗ್ಯ ಕೇಂದ್ರಕ್ಕೆ ಹೋಗಿ ದೊರೊತೇಯಾಳ ಎದುರು ಕೂತಳು. ಅಳಲಿಲ್ಲ.

"ಅವತ್ತು ಏನೋ ಹೇಳೋಕೆ ಹೋದ್ರಿ. ಗುಳ್ಳೆ ಒಡೆದ್ರೆ ಅಂತ. ಸೈರನ್ ಆಯ್ತು. ಏನದು, ಈಗ ಹೇಳಿ."

ದೊರೊತೇಯಾ ಬಾಗಿಲು ಹಾಕಿಬಂದಳು. "ಈಗ ಯಾಕಮ್ಮ?"

"ಹೇಳಿ."

"ಕೂಡ್ಲೇ ಮಲಗಿಸ್ಬೇಕು. ನೆಲದ ಮೇಲಾದ್ರೂ ಸರಿ. ಕಾಲನ್ನ ಎದೆಗಿಂತ ಎತ್ತರಕ್ಕೆ ಎತ್ತಿ ಹಿಡೀಬೇಕು. ಶುದ್ಧವಾದ ಬಟ್ಟೆ ಇಟ್ಟು ರಕ್ತ ಬರೋ ಜಾಗಾನೇ ಗಟ್ಟಿಯಾಗಿ ಒತ್ತಬೇಕು. ಹತ್ತು ನಿಮಿಷ ಕೈ ತೆಗೆಯೋ ಹಾಗಿಲ್ಲ. ಹಾಗೇ ಒತ್ತಿ ಹಿಡ್ಕೊಂಡು ಆಂಬುಲೆನ್ಸ್ ಕರೆಸ್ಬೇಕು. ಈ ರಕ್ತ ಮೇಲಿಂದ ಇಳಿದು ಬರೋದು. ಕಾಲು ಎತ್ತಿದ್ರೆ ಇಳಿಯೋಕೆ ದಾರಿ ಇಲ್ಲ."

"ಮೇಲೆ ಬಟ್ಟೆ ಬಿಗಿದ್ರೆ?"

ದೊರೊತೇಯಾ ಕುರ್ಚಿ ಎಳೆದು ಅವಳ ಹತ್ತಿರಕ್ಕೆ ಬಂದಳು.

"ಮೇಲೆ ಬಟ್ಟೆ ಬಿಗಿದು, ಕಾಲು ಇಳಿಬಿಟ್ಟು ಕೂರಿಸಿದ್ರೆ, ನರ್ಸಮ್ಮ?"

"ಜಾಸ್ತಿ ಆಗುತ್ತೆ," ಎಂದಳು ದೊರೊತೇಯಾ. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ನಿಮ್ಮ ತಪ್ಪಲ್ಲ. ಯಾರೂ ಹೇಳಿರಲಿಲ್ಲ ನಿಮಗೆ. ಅವತ್ತು ನಾನಾದ್ರೂ ನಿಮ್ಮ ಹಿಂದೆ ಓಡಿಬಂದು ಹೇಳ್ಬೇಕಿತ್ತು."

ಗ್ರಾಸಿಂದಾ ಎದ್ದು ಮನೆಗೆ ಬಂದಳು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎನ್ನುತ್ತಾರಲ್ಲ, ಇಲ್ಲಿ ಬೆರಳಿನಲ್ಲಿ ಒತ್ತಿದ್ದರೆ ನಿಲ್ಲುವುದಕ್ಕೆ ಒಂದು ಜೀವವೇ ಹೋಯಿತು. ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಲಕ್ಷಾಂತರ ಮೀನುಗಳ ತಲೆ ಚಿವುಟಿದ ಬೆರಳು, ಅಕ್ಕನ ಕಾಲಿನ ಒಂದು ತೂತು ಮುಚ್ಚಲು ಅದಕ್ಕೆ ತಿಳಿಯಲಿಲ್ಲ. ಆ ನೋವನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಚರ್ಚಿನಲ್ಲಿ ಏಳನೆಯ ದಿನದ ಪೂಜೆ ಮುಗಿಸಿಕೊಂಡು ಅವಳೂ ನತೆರ್ಸಿಯಾಳೂ ಜುಲ್ಮಿರಾಳ ಮನೆಗೆ ಬಂದರು. ಬಟ್ಟೆಬರೆ ವಿಂಗಡಿಸಬೇಕಿತ್ತು. ಗ್ರಾಸಿಂದಾ ಡ್ರಾಯರು ಎಳೆದಳು. ಮೇಲೆಯೇ ಆ ಪೆಟ್ಟಿಗೆ ಇತ್ತು, ಆ ಹುಡುಗಿ ಇನ್ನೂ ನಗುತ್ತಿದ್ದಳು. ಗ್ರಾಸಿಂದಾ ಅದನ್ನು ಮಗುಚಿ ಹಾಕಲು ಹೋದಳು. ಆಗ ಪೆಟ್ಟಿಗೆಯ ಪಕ್ಕದ ಬದಿ ಮೇಲೆ ಬಂತು. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು.

ದೊರೆಯುವ ಬಣ್ಣಗಳು: ಮೈಬಣ್ಣ, ಕಂದು, ಕಪ್ಪು.

ಗ್ರಾಸಿಂದಾ ಒಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ಹಾಸಿಗೆಯ ಮೇಲೆ ಕೂತುಬಿಟ್ಟಳು. ಔಷಧಿ ಅಂಗಡಿಯವನನ್ನು ಕೇಳಿದ್ದರೆ ಬದಲಿಸಿ ಕೊಡುತ್ತಿದ್ದ. ಪೆಟ್ಟಿಗೆಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ್ದರೆ ಸಾಕಿತ್ತು.

ತಲೆ ಎತ್ತಿದಾಗ ನತೆರ್ಸಿಯಾ ಕುರ್ಚಿಯ ಮೇಲೆ ಕೂತು ತಾಯಿಯ ಕರಿ ಕಾಲುಚೀಲವನ್ನು ಕಾಲಿಗೆ ಏರಿಸಿಕೊಳ್ಳುತ್ತಿದ್ದಳು. ಅಮ್ಮನ ಶೋಕಕ್ಕೆ ಅವಳೂ ಕಪ್ಪು ಉಡಬೇಕಿತ್ತು. ಕಾಲುಚೀಲ ಮೊಣಕಾಲಿಗೆ ಬಂದ ಮೇಲೆ ಎಲಾಸ್ಟಿಕ್ ಪಟ್ಟಿ ಎತ್ತಿಕೊಂಡಳು.

"ಅಮ್ಮನ ಕೈಹೊಲಿಗೆ, ಚಿಕ್ಕಮ್ಮ," ಎಂದಳು. "ಇದನ್ನ ಇನ್ನು ನಾನೇ ಕಟ್ಕೋತೀನಿ. ಅವಳು ಜೊತೇಲಿದ್ದ ಹಾಗಿರುತ್ತೆ."

"ಬೇಡ!"

ಗ್ರಾಸಿಂದಾ ಎಷ್ಟು ಜೋರಾಗಿ ಕೂಗಿದಳೆಂದರೆ ನತೆರ್ಸಿಯಾ ಬೆಚ್ಚಿಬಿದ್ದಳು.

"ಯಾಕೆ ಬೇಡ?"

"ನಾಳೆ ನರ್ಸಮ್ಮನ ಹತ್ರ ಬಾ ನನ್ ಜೊತೆ. ನಿನ್ನ ಕಾಲು ತೋರಿಸೋಣ."

"ಬರಲ್ಲ. ಅಮ್ಮನ ಕಾಲು ನೋಡಿದ್ರಲ್ಲ ಅವರು, ಏನು ಕಿತ್ರು? ಚೀಟಿ ಬರೆದುಕೊಟ್ರು. ಅಮ್ಮ ಸತ್ಲು. ಡಾಕ್ಟರು, ನರ್ಸು ಯಾರನ್ನೂ ನಂಬಲ್ಲ ನಾನು."

ತನ್ನ ತಪ್ಪು ಹೇಳಿದರೆ ಇರುವ ಒಬ್ಬಳೇ ಮಗಳಂಥವಳು ಕೈಬಿಟ್ಟು ಹೋಗುತ್ತಾಳೆ. ಹೇಳದಿದ್ದರೆ ಈ ಕಾಲೂ ಆ ಕಾಲಿನ ದಾರಿಯನ್ನೇ ಹಿಡಿಯುತ್ತದೆ. ಗ್ರಾಸಿಂದಾ ಪೆಟ್ಟಿಗೆಯನ್ನು ಅವಳ ಮಡಿಲಿಗೆ ಇಟ್ಟಳು.

"ಪಕ್ಕದಲ್ಲಿ ಓದು."

ನತೆರ್ಸಿಯಾ ಓದಿದಳು. "ಕಪ್ಪು ಇತ್ತಾ? ಮತ್ತೆ ಅಮ್ಮ ಯಾಕೆ ಇದನ್ನ ಹಾಕ್ಕೊಳ್ಳಲೇ ಇಲ್ಲ?"

"ಅವಳಿಗೆ ಓದೋಕೆ ಬರ್ತಿರಲಿಲ್ಲ."

"ನಿನಗೆ ಬರುತ್ತಲ್ಲ."

"ಬರುತ್ತೆ. ಮುಂದಿನ ಭಾಗ ಓದಿದೆ, ಪಕ್ಕಕ್ಕೆ ತಿರುಗಿಸ್ಲಿಲ್ಲ. ಅವಳು ಕೇಳಿದ್ಲು, ಏನು ಮಾಡ್ಲಿ ಅಂತ. ಬೇಡ, ಜನ ಏನಂತಾರೆ ಅಂತ ನಾನೇ ಅಂದೆ." ಗ್ರಾಸಿಂದಾ ನಿಲ್ಲಿಸಲಿಲ್ಲ. "ಅವತ್ತು ಕಾರ್ಖಾನೇಲಿ ಮಲಗಿಸಿ, ಕಾಲೆತ್ತಿ, ತೂತನ್ನ ಒತ್ತಿ ಹಿಡಿದಿದ್ರೆ ರಕ್ತ ನಿಲ್ತಿತ್ತಂತೆ. ನಾನು ಮೇಲೆ ಬಟ್ಟೆ ಬಿಗಿದೆ, ಕೂತ್ಕೋ ಅಂದೆ. ನರ್ಸಮ್ಮ ಅವತ್ತೇ ಹೇಳೋಕೆ ಬಂದಿದ್ರು, ನಾವು ಕೇಳದೇ ಓಡಿದ್ವಿ. ಅವರನ್ನ ಬೈಬೇಡ. ಬೈಯೋದಾದ್ರೆ ನನ್ನ ಬೈ. ಆದ್ರೆ ಆ ಪಟ್ಟಿ ಮಾತ್ರ ಕಟ್ಕೋಬೇಡ ಕಣಮ್ಮ."

ನತೆರ್ಸಿಯಾ ಬೈಯಲಿಲ್ಲ. ಬಾಗಿಲ ಕಡೆ ಕೈ ತೋರಿಸಿದಳು. "ಎದ್ದು ಹೋಗು ಚಿಕ್ಕಮ್ಮ. ನಿನ್ನ ಮುಖ ನೋಡೋಕಾಗಲ್ಲ ನನಗೆ."

ಮರುದಿನ ಗ್ರಾಸಿಂದಾ ಒಬ್ಬಳೇ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತಿದ್ದಳು. ಅದರ ಮರುದಿನವೂ ಹೋಗಿ ಕೂತಳು. ನತೆರ್ಸಿಯಾ ಬರಲಿಲ್ಲ. ಮೂರನೆಯ ದಿನ ಬೆಂಚಿನ ಇನ್ನೊಂದು ತುದಿಯಲ್ಲಿ ಯಾರೋ ಬಂದು ಕೂತರು. ತಿರುಗಿ ನೋಡಿದರೆ ಅವಳೇ. ಕರಿ ಲಂಗ, ಕಾಲಿಗೆ ಏನೂ ಇಲ್ಲ. ಊರೆಲ್ಲ ನೋಡುವಂತೆ ಬರಿಗಾಲಿನಲ್ಲೇ ಬಂದಿದ್ದಳು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ," ಎಂದಳು, ಗೋಡೆ ನೋಡುತ್ತಾ. "ಮಕ್ಕಳು ಮೂರಿವೆ ನನಗೆ. ಅದಕ್ಕೆ ಬಂದೆ."

"ಬಂದ್ಯಲ್ಲ, ಸಾಕು."

ಸ್ಕ್ಯಾನಿನಲ್ಲಿ ನತೆರ್ಸಿಯಾಳ ಎಡಗಾಲಿನ ಒಳನರದ ಬಾಗಿಲು ಆಗಲೇ ಸಡಿಲವಾಗಿದ್ದುದು ಕಂಡಿತು. ಗ್ರಾಸಿಂದಾಳ ಎರಡೂ ಕಾಲಿನ ನರಗಳು ಕೆಟ್ಟಿದ್ದವು. ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ ಚಿಕಿತ್ಸೆ ಕೇಳಿ ಗ್ರಾಸಿಂದಾ ಹೌಹಾರಿದಳು.

"ನರ ಮುಚ್ಚಿಬಿಡ್ತಾರಂತೆ ನರ್ಸಮ್ಮ! ಮುಚ್ಚಿದ್ರೆ ರಕ್ತ ಎಲ್ಲಿ ಹೋಗ್ಬೇಕು?"

"ಅದು ಕೆಟ್ಟ ನರ, ಈಗ ಕೆಲಸ ಮಾಡ್ತಾನೇ ಇಲ್ಲ," ಎಂದಳು ದೊರೊತೇಯಾ. "ಜಾಗ ಮರಗಟ್ಟಿಸಿ, ಸಣ್ಣ ನಳಿಕೆ ಒಳಗೆ ತೂರಿಸಿ, ಶಾಖ ಕೊಟ್ಟು ಮುಚ್ತಾರೆ. ಒಳಗೆ ಇನ್ನೂ ಒಳ್ಳೆ ನರಗಳಿವೆ, ರಕ್ತ ಆ ದಾರೀಲಿ ಮೇಲೆ ಹೋಗುತ್ತೆ. ಅವತ್ತೇ ನಡ್ಕೊಂಡು ಮನೆಗೆ ಬರ್ತೀರಿ. ಸಣ್ಣಪುಟ್ಟ ನರಕ್ಕೆ ಸೂಜಿ ಮದ್ದು ಸಾಕು. ಆದ್ರೆ ಬಾಕಿ ನರಗಳೂ ಮುಂದೆ ಕೆಡಬಹುದು. ಅದಕ್ಕೇ ಒತ್ತುಕಾಲುಚೀಲ ಬಿಡೋ ಹಾಗಿಲ್ಲ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸ್ತಾ ಇರಿ, ಮೀನಖಂಡ ಹಿಂಡಿದಷ್ಟೂ ರಕ್ತ ಮೇಲೇರುತ್ತೆ. ಮನೆಗೆ ಹೋದ್ಮೇಲೆ ಕಾಲೆತ್ತಿ ಮಲಗಿ."

ಸರದಿ ಬರಲು ನಾಲ್ಕು ತಿಂಗಳು ಕಾಯಬೇಕಾಯಿತು. ಇಬ್ಬರಿಗೂ ಒಂದೇ ವಾರದಲ್ಲಿ ಆಯಿತು. ಔಷಧಿ ಅಂಗಡಿಯಲ್ಲಿ ನತೆರ್ಸಿಯಾಳೇ ಬಾಯಿಬಿಟ್ಟು ಕೇಳಿದಳು, "ಕಪ್ಪು ಕೊಡಿ." ಅಂಗಡಿಯವನು ಕೈ ಚಾಚಿ ಹಿಂದಿನ ಕಪಾಟಿನಿಂದ ತೆಗೆದು ಕೊಟ್ಟ. ತೀರಾ ಕೈಗೆಟುಕುವ ಜಾಗದಲ್ಲೇ ಇತ್ತು.

ಈಗ ಆ ಮೇಜಿನಲ್ಲಿ ವಿಧವೆಯರೆಲ್ಲ ಕಪ್ಪನ್ನೇ ತೊಡುತ್ತಾರೆ, ಆದರೆ ಡಾಕ್ಟರು ಕಾಲು ನೋಡಿ ಅಳತೆ ಕೊಟ್ಟದ್ದನ್ನು. ಗ್ರಾಸಿಂದಾ ಹೊಸದಾಗಿ ಸೇರುವ ಪ್ರತಿ ಹುಡುಗಿಯನ್ನೂ ಊಟದ ಕೋಣೆಯ ನೆಲದ ಮೇಲೆ ಮಲಗಿಸಿ, ಕಾಲೆತ್ತಿ, ಎಲ್ಲಿ ಹೇಗೆ ಒತ್ತಬೇಕೆಂದು ತೋರಿಸಿಕೊಡುತ್ತಾಳೆ. ಹುಡುಗಿಯರು ನಗುತ್ತಾರೆ. ಅವಳು ನಗುವುದಿಲ್ಲ. ಸೈರನ್ ಕೂಗಿದರೂ ಮಾತು ಮುಗಿಯುವ ತನಕ ಬಿಡುವುದಿಲ್ಲ. ಅಕ್ಕ ಹೊಲಿದ ಎಲಾಸ್ಟಿಕ್ ಪಟ್ಟಿಗಳು ಅವಳ ಡ್ರಾಯರಿನಲ್ಲಿವೆ. ಬಿಸಾಡಲು ಮನಸ್ಸು ಬರದು. ನತೆರ್ಸಿಯಾ ಮಾತಾಡುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ, ಆದರೆ ಜೂನ್ ಕೊನೆಯ ಶುಕ್ರವಾರ ಮಾತ್ರ ಚಿಕ್ಕಮ್ಮನ ಮನೆಯ ಮುಂದೆ ಹಾದು ಹೋಗುವುದಿಲ್ಲ.

ಓದುವ ಅಕ್ಕತಂಗಿಯರೇ, ಕೇಳುವ ಅಣ್ಣತಮ್ಮಂದಿರೇ, ಇದು ದೂರದ ಊರಿನ ಕಥೆ ಎಂದು ಮಡಚಿ ಇಡಬೇಡಿ. ನಿಮ್ಮ ಮನೆಯಲ್ಲೂ ದಿನವಿಡೀ ನಿಲ್ಲುವ ಕಾಲುಗಳಿವೆ. ಒಲೆ ಮುಂದೆ, ಹೊಲಿಗೆ ಕಾರ್ಖಾನೆಯಲ್ಲಿ, ಬಸ್ಸಿನಲ್ಲಿ, ತರಗತಿಯಲ್ಲಿ, ಅಂಗಡಿಯಲ್ಲಿ. ಆ ಕಾಲುಗಳನ್ನು ಸೀರೆಯೋ ಪ್ಯಾಂಟೋ ಮುಚ್ಚಿದೆ. ಇವತ್ತು ಸಂಜೆ ನಿಮ್ಮ ತಾಯಿಯ ಹತ್ತಿರ ಹೋಗಿ ಕೂತು, "ಕಾಲು ತೋರಿಸಮ್ಮ," ಎನ್ನಿ. ಬೇಡ ಎನ್ನುತ್ತಾಳೆ. ಬಿಡಬೇಡಿ. ನರ ಉಬ್ಬಿದ್ದರೆ, ಪಾದ ಊದುತ್ತಿದ್ದರೆ, ಚರ್ಮ ಕಪ್ಪಾಗಿದ್ದರೆ, ಹುಣ್ಣು ಮಾಯದಿದ್ದರೆ ವೈದ್ಯರಿಗೆ ತೋರಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಒತ್ತುಕಾಲುಚೀಲವನ್ನು ಕೇಳದೆ ಕೊಳ್ಳಬೇಡಿ, ಸಕ್ಕರೆ ಕಾಯಿಲೆಯವರಂತೂ ಮೊದಲು ವೈದ್ಯರನ್ನು ಕೇಳಲೇಬೇಕು. ನರ ಒಡೆದರೆ ಮಲಗಿಸಿ, ಕಾಲೆತ್ತಿ, ಒತ್ತಿ ಹಿಡಿಯಿರಿ, ಸಹಾಯಕ್ಕೆ ಕರೆಯಿರಿ. ಮೇಲೆ ಬಿಗಿದು ಕಟ್ಟಬೇಡಿ, ಕೂರಿಸಬೇಡಿ.

ಮತ್ತೆ, ಮನೆಯಲ್ಲಿ ಓದು ಬರುವವರು ನೀವೊಬ್ಬರೇ ಆಗಿದ್ದರೆ, ದಯವಿಟ್ಟು ಪೆಟ್ಟಿಗೆಯ ನಾಲ್ಕೂ ಪಕ್ಕ ಓದಿ. ಯಾರೋ ನಿಮ್ಮ ಮಾತನ್ನೇ ನಂಬಿ ಕೂತಿರುತ್ತಾರೆ.